ಹದಿನಾಲ್ಕನೆಯವಳ ಹೆಸರು

ಪಾದಕ್ಕೆ ತಣ್ಣಗೆ ಏನೋ ತಾಗುತ್ತಿದೆ, ನೆಲದ ಜಾಲರಿಯಿಂದ ಏಸಿ ಗಾಳಿ, ಹೊರಗೆ ಆಸ್ಟಿನ್ನಿನ ಡಾಂಬರು ಮೆತ್ತಗಾಗುವಷ್ಟು ಬಿಸಿಲು, ಒಳಗೆ ನಾನು ಸ್ವೆಟರ್ ತೊಟ್ಟು ಕೂತಿದ್ದೇನೆ — ಎಂಥ ಊರಪ್ಪಾ ಇದು, ಬೇಸಿಗೆಯಲ್ಲಿ ನಡುಗುವುದಕ್ಕೆಂದು ಕರೆಂಟ್ ಸುಡುತ್ತದೆ, ಆ ಹೊಗೆಗೆ ಅಲ್ಲಿ ಅಲಾಸ್ಕಾದ ಕಡಲಂಚಿನಲ್ಲಿ ಪುಟು ಅಜ್ಜಿಯ ಕಾಲಡಿಯ ಹಿಮ ತೆಳುವಾಗುತ್ತದೆ, ಏನಾಗುತ್ತಿದೆ ಅಂತ ವಿಚಾರಿಸಲು ಹೋದವರಿಗೆ ನೂರೆಂಟು ಅಡ್ಡಗಾಲು. ಬಾಗಿಲ ಆಚೆ ಸಂಶೋಧನೆಗಳನ್ನು ಪರಿಶೀಲಿಸುವ ವಿಶ್ವವಿದ್ಯಾಲಯದ ನೀತಿ ಸಮಿತಿ, ಐದು ಜನ, ಇನ್ನೇನು ಕರೆಯುತ್ತಾರೆ. ಮಡಿಲಲ್ಲಿ ಅಜ್ಜಿಯ ಒಪ್ಪಿಗೆ ಪತ್ರ, ಮೇಲ್ತುದಿಯಲ್ಲಿ ನಾನೇ ಟೈಪ್ ಮಾಡಿದ್ದು, ಹೆಸರಿನ ಬದಲು, ಭಾಗವಹಿಸಿದವರ ಕ್ರಮಸಂಖ್ಯೆ: ಹದಿನಾಲ್ಕು, ಆ ಹದಿನಾಲ್ಕರ ಮೇಲೆ ಅಜ್ಜಿ ಪೆನ್ನು ಒತ್ತಿ ಎಳೆದ ಗೆರೆ, ಎಳೆದ ರಭಸಕ್ಕೆ ಕಾಗದ ಹರಿದು ಒಂದು ತೂತು, ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಹೆಸರು. ಹೆಸರು ಬಂದರೆ ನಿಯಮ ಮುರಿದಂತೆ, ಹದಿನಾಲ್ಕನ್ನು ಕೈಬಿಡಿ, ಸಮಿತಿಯ ಈಮೇಲ್ ಎರಡೇ ಸಾಲು. ಎಪ್ಪತ್ತು ಚಳಿಗಾಲ ಹಿಮ ತುಳಿದವಳ ಮಾತನ್ನು ಕೈಬಿಡಬೇಕಂತೆ, ಬಳಸಿದ ಟಿಶ್ಯೂ ಬಿಟ್ಟ ಹಾಗೆ.

ಈ ಸಮಿತಿ ಎಷ್ಟನೆಯ ಗೋಡೆಯೋ. ಅರ್ಜಿಯಲ್ಲಿ ಹವಾಮಾನ ಅನ್ನುವ ಪದ ಬೇಡ ಅಂದರು ಸಂಶೋಧನೆಗೆ ಹಣ ಕೊಡುವವರು, ಋತುಗಳ ಏರುಪೇರು ಅಂತ ಬರೀರಿ ಮೇಡಂ, ಒಳಗೆ ಏನಾದ್ರೂ ಮಾಡ್ಕೊಳ್ಳಿ — ಒಂದು ಪದಕ್ಕೆ ಹೆದರಿ ಬೆವರುವ ದೊಡ್ಡ ಮನುಷ್ಯರು, ಥೂ. ಆಮೇಲೆ ಮಂಜು, ಆರು ದಿನ ಹಳ್ಳಿಗೆ ಹೋಗುವ ಪುಟ್ಟ ವಿಮಾನ ಏಳಲಿಲ್ಲ. ಆಮೇಲೆ ಹಳ್ಳಿಯ ಬಾಗಿಲುಗಳು, ತೆರೆಯಲಿಲ್ಲ, ಯಾಕಾದರೂ ತೆರೆಯಬೇಕು, ಅಜ್ಜಿ ಮುಖಕ್ಕೆ ಹೊಡೆದಂತೆ ಅಂದರು, ನಿನ್ನ ಥರ ಹನ್ನೊಂದು ಜನ ಬಂದು ಹೋದ್ರು, ಟೇಪ್ ತುಂಬಿಸ್ಕೊಂಡ್ರು, ಒಬ್ರೂ ಒಂದು ಹಾಳೆ ವಾಪಸ್ ಕಳಿಸ್ಲಿಲ್ಲ, ನೀನು ಯಾರ ಮಗಳು? ಯಾರ ಮಗಳು! ನಮ್ಮೂರ ಒಂಟಿಕೊಪ್ಪಲಿನ ಕಟ್ಟೆಯ ಮೇಲೆ ಕೂತು ಯಾರೋ ಕೇಳಿದ ಹಾಗೆ, ಆ ಗಾಳಿಯಲ್ಲಿ. ಅನುಸೂಯಾ ಮಗಳು ಅಂದೆ, ಅಮ್ಮ ಸಮುದ್ರವನ್ನೇ ನೋಡಿದವಳಲ್ಲ ಅಂದೆ, ಅಜ್ಜಿ ನಕ್ಕು ಒಳಗೆ ಕರೆದರು. ಪುಟು ಅಂತ ಹೆಸರು ಕೇಳಿ ನಾನೂ ನಕ್ಕೆ, ನಮ್ಮ ಕಡೆ ಮಕ್ಕಳನ್ನ ಪುಟ್ಟು ಅಂತೀವಿ ಅಂದೆ. ನಾನೂ ಮಗುವೇ, ಅಂದರು ಅಜ್ಜಿ, ನಮ್ಮಜ್ಜಿ ಸತ್ತ ವರ್ಷ ಹುಟ್ಟಿ ಅವಳ ಹೆಸರು ತಗೊಂಡೆ, ನಾನು ಹೋದ ಮೇಲೆ ಇನ್ನೊಂದು ಮಗು ತಗೊಳ್ಳುತ್ತೆ. ಹಿಮ ಎಂದೂ ಮೋಸ ಮಾಡದ ತಿಂಗಳಲ್ಲಿ ನನ್ನ ತಮ್ಮನ ಗಾಡಿ ಅದನ್ನ ಒಡೆದು ಕಡಲೊಳಗೆ ಹೋಯ್ತು, ಅದನ್ನ ಹೇಳಿದ್ದು ಪುಟು ಅಂತ ಆ ಮಗುವಿಗೆ ಗೊತ್ತಾಗ್ಬೇಕು, ಹದಿನಾಲ್ಕು ಅಂತ ಹೆಸರಿಡೋಕಾಗುತ್ತಾ? ನಾನು ನಿಯಮ ಹೇಳಿದೆ, ನಾಚಿಕೆಯಿಲ್ಲದೆ, ಇದು ನಿಮ್ಮ ರಕ್ಷಣೆಗೆ ಅಂದೆ. ಯಾರಿಂದ, ಅಂತ ಪೆನ್ನು ಕಿತ್ತುಕೊಂಡರು — ಸರ್ರೆಂದು ಗೆರೆ, ತೂತು.

ನಿಯಮ ಹೇಳಿದವಳು ಯಾರು, ಎಫ್‌ಎನ್‌ಯು ಭಾನುಮತಿ. ಪಾಸ್‌ಪೋರ್ಟಿನಲ್ಲಿ ನನ್ನದು ಒಂದೇ ಹೆಸರು, ಅಪ್ಪನ ಇನಿಷಿಯಲ್ ಹೆಸರೇ ಅಲ್ಲವಂತೆ, ವೀಸಾದಲ್ಲಿ ಮುಂದೆ ಎಫ್‌ಎನ್‌ಯು ಅಂತ ಹೊಡೆದರು, ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ, ಗೊತ್ತಿಲ್ಲದ್ದೇ ನನ್ನ ಹೆಸರಾಯಿತು, ಬ್ಯಾಂಕು, ಲೈಸೆನ್ಸು, ಆಸ್ಪತ್ರೆ, ಮಿಸ್ ಫ್ನು, ಮಿಸ್ ಫ್ನು. ಇಲ್ಲಿಂದ ನಾಲ್ಕು ಗಂಟೆ ದಾರಿಯ ಫ್ರಿಸ್ಕೋ ಮನೆಯಲ್ಲಿ ಗಂಡ ಪ್ರತಾಪ್ ಈಗಲೂ ರೇಗಿಸುತ್ತಾನೆ, ಏನ್ ಫ್ನು ಮೇಡಂ, ಇವತ್ತು ಆಸ್ಟಿನ್‌ವರೆಗೂ ನೀವೇ ಡ್ರೈವ್ ಮಾಡ್ತೀರಾ? ನಗುತ್ತೇನೆ, ಹದಿನೆಂಟು ವರ್ಷದಿಂದ ನಗುತ್ತಲೇ ಇದ್ದೇನೆ, ಮತ್ತೆ ಅದೇ ಕೈಯಲ್ಲಿ ಒಬ್ಬ ಅಜ್ಜಿಗೆ ಹದಿನಾಲ್ಕು ಅಂತ ಟೈಪ್ ಮಾಡುತ್ತೇನೆ. ಮಗಳು ದಿಯಾ ಬೆಳಿಗ್ಗೆ ಪತ್ರವನ್ನು ಬೆಳಕಿಗೆ ಹಿಡಿದು ತೂತಿಗೆ ಕಣ್ಣಿಟ್ಟಳು, ಅಮ್ಮಾ, ಶೀ ಫಿಕ್ಸ್ಡ್ ಯುವರ್ ಫಾರ್ಮ್.

ಸರಿಮಾಡಿದ್ದು, ಹೌದು, ಕೆಡಿಸಿದ್ದಲ್ಲ. ನಿನ್ನೆ ಹಳ್ಳಿಯ ಮಂಡಳಿಯ ಕಾಗದವೂ ಬಂತು, ಏಳು ಸಹಿ, ಹೆಸರಿಲ್ಲದ ಮಾತು ನಮ್ಮದಲ್ಲ, ಹೆಸರಿಟ್ಟರೆ ಉಳಿದ ಮನೆಗಳ ಬಾಗಿಲೂ ತೆರೆಯುತ್ತೇವೆ — ತೆರೆಯುತ್ತಾರೆ, ಅಷ್ಟೂ ಬಾಗಿಲು, ಇಲ್ಲಿ ಈ ಒಂದು ತೆರೆದರೆ, ತೆರೆಯಿತು, ಒಳಗಿನಿಂದ ಒಂದು ದನಿ, ಮಿಸ್ ಫ್ನು? ಎದ್ದು ಒಳಗೆ ಹೋಗಿ ಎರಡೂ ಕಾಗದ ಮೇಜಿನ ಮೇಲಿಟ್ಟೆ. ಭಾನುಮತಿ, ಅಂದೆ, ಎಫ್‌ಎನ್‌ಯು ನನ್ನ ಹೆಸರಲ್ಲ, ಯಾವತ್ತೂ ಆಗಿರಲಿಲ್ಲ. ಬೆಳ್ಳಿಕೂದಲಿನ ಅಧ್ಯಕ್ಷೆಯ ಕಿವಿ ಕೆಂಪಾಯಿತು, ಬಾ-ನು-ಮ-ಟಿ, ತಡವರಿಸುತ್ತಲೇ ಮಂಡಳಿಯ ಕಾಗದ ಓದಿದರು, ಎರಡು ಸಲ ಓದಿದರು, ಈ ಹಿರಿಯರ ಹೆಸರನ್ನು ಹೇಗೆ ಹೇಳಬೇಕು, ನಡಾವಳಿಯಲ್ಲಿ ತಪ್ಪು ಬರೆಯಬಾರದು ನೋಡಿ. ತಪ್ಪು ಬರೆಯಬಾರದು ಅಂದರು, ಹಾಗಾದರೆ ಹೆಸರು ಬರೆಯುತ್ತಾರೆ! ಪುಟು, ಅಂದೆ. ಪುಟ್ಟು? ಟು, ಅಷ್ಟು ಒತ್ತಬೇಡಿ, ಪುಟು. ಐವರೂ ಒಬ್ಬೊಬ್ಬರಾಗಿ ಪುಟು, ಪುಟು, ಮೇಜಿನ ಸುತ್ತ, ಅಧ್ಯಕ್ಷೆಯ ಪೆನ್ನು ಹಾಳೆಯತ್ತ ಇಳಿಯುತ್ತಿದೆ, ನಿಂತಿತು, ಇನ್ನೊಂದು ಕೈಯ ಬೆರಳ ತುದಿ ಅಜ್ಜಿಯ ಪತ್ರದ ಮೇಲೆ, ಹದಿನಾಲ್ಕು ಇದ್ದ ಜಾಗದಲ್ಲಿ, ಪತ್ರವನ್ನು ಕಿಟಕಿಗೆ ಎತ್ತಿ ಹಿಡಿದರು, ಬಿಸಿಲು, ಕಾಗದ, ನಡುವೆ ಸುಡುವಷ್ಟು ಬೆಳ್ಳಗೆ ಆ ತೂತು