ಹದಿನೇಳು ಮಿಲಿಮೀಟರ್

ಸ್ಕೇಲನ್ನು ತಟ್ಟೆಯ ಅಡಿಗೆ ಮತ್ತೊಮ್ಮೆ ಹಿಡಿದಾಗಲೂ ಹದಿನೇಳೇ ಬಂತು. ಮನೋರಮಾ ಕನ್ನಡಕ ಒರೆಸಿಕೊಂಡು, ಕಿಟಕಿಯ ಬೆಳಕಿಗೆ ತಿರುಗಿ ಮೂರನೆಯ ಸಲ ಅಳೆದಳು. ಇಪ್ಪತ್ತಾರಾದರೂ ಇರಬೇಕಿತ್ತು.

ತಟ್ಟೆಯಲ್ಲಿದ್ದದ್ದು ಯಾವ ರೋಗಿಯದ್ದೂ ಅಲ್ಲ. ಔಷಧಿಯ ಬಿಲ್ಲೆಗಳು ಸರಿ ಇವೆಯೋ ಎಂದು ನೋಡಲು ಪ್ರತಿ ಸೋಮವಾರ ಲ್ಯಾಬಿನಲ್ಲಿ ಬೆಳೆಸುವ ಸಾಧು ಬ್ಯಾಕ್ಟೀರಿಯಾ. ಇಮಿಪೆನೆಮ್ ಎಂಬ ಔಷಧಿಯ ಬಿಲ್ಲೆ ಇಟ್ಟರೆ ಅದು ಸುತ್ತ ಅಗಲಕ್ಕೆ ಸತ್ತು, ಖಾಲಿ ವೃತ್ತ ಉಳಿಯಲೇಬೇಕು. ಅಷ್ಟಗಲ ಸತ್ತಿಲ್ಲವೆಂದರೆ ಕೆಟ್ಟದ್ದು ಬಿಲ್ಲೆ.

ಈ ಬಿಲ್ಲೆಗಳ ಬಾಟಲಿಯನ್ನು ಶನಿವಾರ ತೆರೆದವಳು ಅವಳೇ. ಫ್ರಿಜ್ಜಿನಿಂದ ತೆಗೆದ ಮೇಲೆ ಮುಚ್ಚಳ ಬಿಚ್ಚದೆ ಒಂದು ಗಂಟೆ ಹೊರಗಿಡಬೇಕು. ಇಲ್ಲದಿದ್ದರೆ ಕರಾವಳಿಯ ಗಾಳಿಗೆ ಒಳಗೆಲ್ಲ ನೀರಾಡಿ ಬಿಲ್ಲೆಯ ಸತ್ವ ಹೋಗುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಹೊಸಬರಿಗೆಲ್ಲ ಅದನ್ನು ಗದರಿಸಿ ಕಲಿಸಿದ್ದಳು. ಅಂದು ಕಾಪುವಿನ ಬಸ್ಸು ತಪ್ಪುತ್ತದೆಂದು ತಕ್ಷಣ ಬಿಚ್ಚಿ, ಅದರ ಬಿಲ್ಲೆಯನ್ನೇ ಐಸಿಯುವಿನಲ್ಲಿದ್ದ ನಿಖಿತಾಳ ಸೋಂಕು ಬೆಳೆಸುವ ತಟ್ಟೆಗೆ ಇಟ್ಟು ಓಡಿದ್ದಳು.

ಎರ್ಮಾಳಿನ ಹುಡುಗಿ. ಹೆರಿಗೆಯಾಗಿ ಹತ್ತು ದಿನ, ರಕ್ತದಲ್ಲಿ ಸೋಂಕು. ಭಾನುವಾರ ಡ್ಯೂಟಿಯಲ್ಲಿದ್ದ ವೆರೊನಿಕಾ ತಟ್ಟೆಯ ಚಿಕ್ಕ ವೃತ್ತ ಅಳೆದು, ಈ ಸೋಂಕು ಇಮಿಪೆನೆಮ್‌ಗೆ ಬಗ್ಗುವುದಿಲ್ಲ ಎಂದು ವರದಿ ಕಳಿಸಿದ್ದಳು. ಡಾಕ್ಟರು ಅದನ್ನು ನಿಲ್ಲಿಸಿ, ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲ ಕೊಲಿಸ್ಟಿನ್ ಶುರು ಮಾಡಿದ್ದರು. ಇವತ್ತು, ಮಂಗಳವಾರ, ಬೆಳಗಿನ ರಕ್ತ ಪರೀಕ್ಷೆಯಲ್ಲಿ ಆ ಪೆಟ್ಟು ಕಂಡಿತ್ತು.

"ಎಂತ ಮನೋರಮಕ್ಕ, ತಟ್ಟೆಗೆ ದೃಷ್ಟಿ ತೆಗೀತಿದ್ದೀರಾ?" ವೆರೊನಿಕಾ ನಗುತ್ತಾ ಬಂದಳು. ಅಂಕಿ ನೋಡಿ ನಗು ನಿಂತಿತು. "ಈ ಸೆಕೆಗೆ ನಮಗೇ ಬೂಷ್ಟು ಬರ್ತದೆ, ಬಿಲ್ಲೆಯದ್ದೆಂತ ಹೇಳುವುದು... ಬೇರೆ ಬಾಟಲಿ ಉಂಟಲ್ವಾ? ಅದರಲ್ಲಿ ಮತ್ತೊಮ್ಮೆ ಇಡುವ. ಇದನ್ನು ಬಿಸಾಡಿ."

"ನಿಖಿತಾಳ ವರದಿ?"

"ಅದು ನಿಜವೇ ಇರಬಹುದು. ಕೆಳಗೆ ನನ್ನ ಸಹಿ ಉಂಟಕ್ಕ." ವೆರೊನಿಕಾಳ ಧ್ವನಿ ಸಣ್ಣದಾಯಿತು.

"ಬಾಟಲಿ ಬಿಚ್ಚಿದ್ದು ನಾನು. ಅದನ್ನೇ ಹೇಳ್ತೇನೆ."

ಮನೋರಮಾ ಐಸಿಯುಗೆ ಫೋನು ಮಾಡಿದಳು. ಡಾಕ್ಟರ್ ಅನಂತೇಶ ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

"ಪುನಃ ಮಾಡಿದರೆ ಯಾವಾಗ ಸಿಗ್ತದೆ?"

"ನಾಳೆ ಬೆಳಿಗ್ಗೆ ಸರ್."

"ಅಲ್ಲಿವರೆಗೆ ಆ ಹುಡುಗಿಗೆ ನಾನು ಯಾವುದನ್ನು ಕೊಡುವುದು, ಮನೋರಮಾ?"

ಬಿಲ್ಲೆ ಕೆಟ್ಟಿತ್ತು ಎಂದಷ್ಟೇ ಅವಳಿಗೆ ಗೊತ್ತು. ಸೋಂಕು ಎಂಥದ್ದೆಂದು ಯಾರಿಗೂ ಗೊತ್ತಿಲ್ಲ.

"ಮನೆಯವರಿಗೆ ಹೇಳಬೇಕು," ಎಂದರು ಅವರು. "ನೀವೂ ಮೇಲೆ ಬನ್ನಿ."

ಹೊಸ ಬಾಟಲಿಯನ್ನು ಮುಚ್ಚಳ ಬಿಚ್ಚದೆ ಮೇಜಿನ ಮೇಲಿಟ್ಟು, ವೆರೊನಿಕಾಗೆ ಗಡಿಯಾರ ತೋರಿಸಿ, ಅವಳು ಮೆಟ್ಟಿಲು ಹತ್ತಿದಳು. ಡಾಕ್ಟರು ಇನ್ನೂ ಐಸಿಯು ಒಳಗಿದ್ದರು. ಹೊರಗಿನ ಬೆಂಚಿನಲ್ಲಿ ನಿಖಿತಾಳ ತಾಯಿ ಒಬ್ಬರೇ ಕುಳಿತಿದ್ದರು. ಬಿಳಿ ಕೋಟು ಕಂಡದ್ದೇ ಎದ್ದು ನಿಂತರು.

"ನೀವು ಲ್ಯಾಬಿನವರಲ್ವಾ? ಆ ಹುಳ ಎಂಥದ್ದೂಂತ ಲ್ಯಾಬಿನವರೇ ಹಿಡಿದದ್ದು, ಹಾಗಾಗಿ ಮದ್ದು ಬದಲಿಸಿದೆವು ಅಂತ ಡಾಕ್ಟ್ರು ಹೇಳಿದ್ರು. ನಿಮ್ಮ ಹೊಟ್ಟೆ ತಣ್ಣಗಿರಲಿ ಅಕ್ಕ."

"ಅಮ್ಮಾ, ನಾನು..."

"ಮುಖ ಎಂತ ಹಾಗೆ ಬೆಳ್ಳಗಾಗಿದೆ? ಬೆಳಿಗ್ಗೆಯಿಂದ ಎಂತದ್ದೂ ತಿಂದಿಲ್ಲ ಕಾಣ್ತದೆ. ಕುಳಿತುಕೊಳ್ಳಿ ಮೊದಲು."

ಆಕೆ ಚೀಲ ಸರಿಸಿ ಜಾಗ ಮಾಡಿದರು. ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ, ಸೆರಗಿನ ತುದಿಯಲ್ಲಿ ಹಿಡಿದು ಅವಳ ಕೈಗಿತ್ತರು. ಐಸಿಯುವಿನ ಬಾಗಿಲು ತೆರೆಯಿತು. ಮನೋರಮಾ ಚಹಾ ಕುಡಿಯದೆ ಮುಚ್ಚಳವನ್ನು ಬೆಂಚಿನ ಮೇಲಿಟ್ಟು, ಆಕೆಯ ಕಡೆಗೆ ತಿರುಗಿದಳು.