ಕಾರ್ಖಾನೆಯ ಹಿಂದಿನ ಬೀದಿ

ಮೇಜು ಕುರ್ಚಿ ಮಾಡುವ ಕಾರ್ಖಾನೆಯ ಮಾಲೀಕ, ಸಮಾಜಕ್ಕೆ ಏನಾದರೂ ಮಾಡಬೇಕೆಂದು ಪೇಟೆಯ ಉದ್ಯಾನಕ್ಕೆ ಬೆಂಚುಗಳನ್ನು ಮಾಡಿಸಿಕೊಟ್ಟ. ಸುದ್ದಿ ಹೇಳಲು ಕಾರ್ಖಾನೆಯ ಹಿಂದಿನ ಬೀದಿಯಲ್ಲಿದ್ದ ಅಕ್ಕನ ಮನೆಗೆ ಬಂದ. ಅವಳು ಒಗೆದು ಹರವಿದ್ದ ಬಟ್ಟೆಗಳನ್ನು ಕೊಡವುತ್ತಿದ್ದಳು. ಮರದ ಪುಡಿ ಉದುರುತ್ತಿತ್ತು.

“ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ಅದು ನೀನೇ ಕಣೋ,” ಎಂದು ಅಕ್ಕ ನಕ್ಕಳು.

ಅವನು ಉದುರಿದ ಪುಡಿಯನ್ನು ನೋಡಿ, ತನ್ನ ಕಾರ್ಖಾನೆಯತ್ತ ತಿರುಗಿದ. “ಇಷ್ಟು ದಿನ ಯಾಕಕ್ಕ ಹೇಳ್ಲಿಲ್ಲ?”

“ತಮ್ಮನ ಕಾರ್ಖಾನೆ ಅಂತ ನಾನು ಸುಮ್ನಿದ್ದೆ. ನನ್ನ ಮುಖ ನೋಡ್ಕೊಂಡು ಬೀದಿಯವರೂ ಸುಮ್ನಿದ್ರು. ಪಕ್ಕದ್ಮನೆ ಮಗು ಮಾತ್ರ ಕೆಮ್ಮೋದು ನಿಲ್ಸಿಲ್ಲ.”

ಅವನ ಮುಖ ಸಣ್ಣದಾಯಿತು. ಮರುದಿನವೇ ಗರಗಸಗಳನ್ನು ನಿಲ್ಲಿಸಿದ. ಕೆಲಸಗಾರರ ಸಂಬಳ ನಿಲ್ಲಿಸದೆ, ಪುಡಿಯನ್ನು ಹೀರಿ ಚೀಲಕ್ಕೆ ತುಂಬುವ ಯಂತ್ರ ಕೂರಿಸಿದ. ಆಮೇಲೆ ಮನೆಮನೆಗೂ ಹೋಗಿ, “ತಪ್ಪಾಯ್ತು. ಇನ್ಮೇಲೆ ಏನಿದ್ರೂ ನನಗೇ ಹೇಳಿ,” ಎಂದ. ಕೆಲವರು ಚೆನ್ನಾಗಿ ಬೈದರು. ತಲೆ ತಗ್ಗಿಸಿ ಕೇಳಿಸಿಕೊಂಡ.

ಪಕ್ಕದ ಮನೆಯಾಕೆ ಕಿಟಕಿ ತೆರೆದಿಟ್ಟು ಮಗುವನ್ನು ಮಲಗಿಸಿದ ದಿನ ಅಕ್ಕ ಅವನನ್ನು ಊಟಕ್ಕೆ ಕರೆದಳು. ಹೊಗಳಿಕೆಯ ಒಂದು ಮಾತೂ ಆಡಲಿಲ್ಲ. ಅವನು ಬೇಡ ಬೇಡವೆಂದು ಕೈ ಅಡ್ಡ ಹಿಡಿದರೂ, ಆ ಕೈಯನ್ನು ಸರಿಸಿ ಇನ್ನೊಂದು ಸೌಟು ಬಡಿಸಿದಳು.