ಎರಡನೆಯದು ಕಾಯುವುದಿಲ್ಲ

ಕೂಸು ಅಳಲಿಲ್ಲ.

ಮಲ್ಲಿಕಾಂಬ ಅದನ್ನು ಎಡಗೈ ಮೇಲೆ ಬೋರಲು ಮಲಗಿಸಿಕೊಂಡು ಬೆನ್ನನ್ನು ಬಟ್ಟೆಯಿಂದ ತಿಕ್ಕಿದಳು. ಕೊರಳಿಗೆ ಸುತ್ತಿಕೊಂಡಿದ್ದ ಹೊಕ್ಕುಳಬಳ್ಳಿಯನ್ನು ಆಗಲೇ ಬೆರಳು ಹಾಕಿ ಬಿಡಿಸಿಯಾಗಿತ್ತು. ಮೂಗು ಬಾಯಿ ಒರೆಸಿದಳು, ಅಂಗಾಲಿಗೆ ತಟ್ಟಿದಳು. ಮಂಚದ ಮೇಲಿಂದ ಸೊಸೆ ಕೃತಿಕಾ, ಯಾಕೆ ಅಳ್ತಿಲ್ಲ ಅತ್ತೆ ಎಂದು ಒಂದೇ ಸಮ ಕೇಳುತ್ತಿದ್ದಳು. ಬಾಗಿಲಾಚೆ ಮಗ ಓಂಕಾರೇಶ್ ಆಂಬುಲೆನ್ಸಿನವರಿಗೆ ಫೋನಿನಲ್ಲಿ ಸಖರಾಯಪಟ್ಟಣದಿಂದ ತೋಟದ ಮನೆಗೆ ಬರುವ ದಾರಿಯನ್ನು ಹೇಳಿದ್ದೇ ಹೇಳುತ್ತಿದ್ದ. ಮಲ್ಲಿಕಾಂಬ ಮತ್ತೆ ತಿಕ್ಕಿದಳು. ನೀಲಿಗಟ್ಟಿದ್ದ ಮೈ ಒಮ್ಮೆ ಅದುರಿತು. ಆಮೇಲೆ ಕೂಸು ಕಿಟಾರನೆ ಕಿರುಚಿತು.

ಲಕ್ಕವಳ್ಳಿ ಕಡೆಯ ಊರುಗಳಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದ ನರ್ಸಮ್ಮ ಅವಳು. ಕರೆ ಬಂದಾಗ ಯಾರದೋ ಬೈಕಿನ ಹಿಂದೆ ಕೂತು, ಬ್ಯಾಗನ್ನು ಅವಚಿಕೊಂಡು ಹೋಗುವಾಗ ಎದೆಯಲ್ಲಿ ಏಳುತ್ತಿದ್ದ ಡವಡವ ಅವಳಿಗೆ ಬೇರೆ ಯಾವುದರಲ್ಲೂ ಸಿಗಲಿಲ್ಲ. ಕೊನೆಕೊನೆಗೆ ಹೆರಿಗೆಗಳೆಲ್ಲ ದೊಡ್ಡಾಸ್ಪತ್ರೆಯ ಪಾಲಾಗಿ, ಇವಳಿಗೆ ಕಬ್ಬಿಣದ ಮಾತ್ರೆ ಹಂಚುವುದಷ್ಟೇ ಉಳಿಯಿತು. ನಿವೃತ್ತಿಯಾದ ಮೇಲೆ ಅದೂ ಇಲ್ಲ. ಟೀವಿ ಮುಂದೆ ಅವರೆಕಾಯಿ ಸುಲಿಯುವ ತನ್ನ ಕೈಗಳನ್ನು ನೋಡಿದರೆ ಅವಳಿಗೆ ಅಳು ಬರುತ್ತಿತ್ತು. ಪಿಂಚಣಿ ಬರುತ್ತದೆ, ಮಗನ ಕೊಬ್ಬರಿ ವ್ಯಾಪಾರ ಚೆನ್ನಾಗಿದೆ, ಅಳುವಂಥದ್ದೇನಾಗಿದೆ ಎಂದು ಯಾರಾದರೂ ಕೇಳಿದರೆ ಹೇಳುವುದಾದರೂ ಏನನ್ನು?

ಕೃತಿಕಾಳ ಮೊದಲ ಹೆರಿಗೆ ಅಜ್ಜಂಪುರದ ತವರಿನಲ್ಲಾಗಿತ್ತು; ಆ ಮಗು ಈಗ ಅಲ್ಲೇ ಅಜ್ಜಿಯ ಹತ್ತಿರ ಇತ್ತು. ಎರಡನೆಯದಕ್ಕೆ ಅವಳು ಇಲ್ಲೇ ಇರುತ್ತಾಳೆಂದು ಗೊತ್ತಾದಾಗಿನಿಂದ ಮಲ್ಲಿಕಾಂಬಳ ನಡಿಗೆಯೇ ಬದಲಾಯಿತು. ಮೆಡಿಕಲ್ ಶಾಪಿನಿಂದ ಗ್ಲೌಸು, ಹೊಕ್ಕುಳಿಗೆ ಹಾಕುವ ಕ್ಲಿಪ್ಪು ತರಿಸಿ ಬೀರುವಿನಲ್ಲಿಟ್ಟಳು. ಆಸ್ಪತ್ರೆಗೆ ಹೋಗೋದಲ್ವಾ, ಇದೆಲ್ಲ ಯಾಕೆ ಎಂದು ಮಗ ಕೇಳಿದರೆ, ಇರಲಿ ಬಿಡು ಎಂದಿದ್ದಳು.

ಇವತ್ತು ಮಧ್ಯಾಹ್ನ ಊಟದ ಹೊತ್ತಿಗೆ ನೋವು ಶುರುವಾಗಿತ್ತು. ಓಂಕಾರೇಶ್ ಕಾರನ್ನು ಬಾಗಿಲಿಗೇ ತಂದು ನಿಲ್ಲಿಸಿದ. ಮಲ್ಲಿಕಾಂಬ ಸೊಸೆಯ ಹೊಟ್ಟೆ ಮುಟ್ಟಿ ನೋಡಿ ಹೊರಗೆ ಬಂದಳು.

"ಇನ್ನೂ ಹೊತ್ತೈತೆ ಕಣೋ. ಈಗ್ಲೇ ಹೋದ್ರೆ ಅಲ್ಲಿ ಬೆಂಚ್ ಮೇಲೆ ಕೂರಿಸ್ತಾರೆ ಅಷ್ಟೇ."

ತಿಳಿದವಳ ಮಾತು. ಅವನು ಕಾರು ಆಫ್ ಮಾಡಿದ. ಬಿಸಿಲು ಇಳಿಯುವ ಹೊತ್ತಿಗೆ ಕೃತಿಕಾಳಿಗೆ ಮಂಚ ಬಿಟ್ಟು ಏಳುವುದೂ ಆಗಲಿಲ್ಲ.

ಆಂಬುಲೆನ್ಸು ಬಂದು ಎಲ್ಲರನ್ನೂ ಕಡೂರಿನ ಆಸ್ಪತ್ರೆಗೆ ಕರೆದೊಯ್ದಿತು. ದಾರಿಯುದ್ದಕ್ಕೂ ಮಲ್ಲಿಕಾಂಬಳಿಗೆ ಸಂತೋಷ, ಬರೀ ಸಂತೋಷ. ಡ್ಯೂಟಿಯಲ್ಲಿದ್ದ ನರ್ಸ್ ಪ್ರತಿಮಾ ಕೃತಿಕಾಳಿಗೆ ಹೊಲಿಗೆ ಹಾಕಿಸಿ, ಕೂಸನ್ನು ನೋಡಿ, ನೀವಿಲ್ಲದಿದ್ದರೆ ಕಷ್ಟವಿತ್ತು ಮೇಡಂ ಎಂದಳು. ಆಮೇಲೆ ಕೃತಿಕಾಳ ಮಂಚದ ಪಕ್ಕದಲ್ಲೇ ನಿಂತು ಸಹಜವಾಗಿ, ನೋವು ಎಷ್ಟು ಹೊತ್ತಿಗೆ ಶುರುವಾಯಿತೆಂದು ಕೇಳಿದಳು.

"ನಾಲ್ಕೂವರೆ ಇರ್ಬೇಕು," ಎಂದಳು ಮಲ್ಲಿಕಾಂಬ.

ಆಡಿದ ಮೇಲೆ ಅವಳೇ ಬೆಚ್ಚಿಬಿದ್ದಳು. ಇಷ್ಟು ಸಲೀಸಾಗಿ ಸುಳ್ಳು ಬಂದದ್ದು ಎಲ್ಲಿಂದ? ಎರಡನೆಯದು ಕಾಯುವುದಿಲ್ಲ, ನೋವು ಬಂದ ಕೂಡಲೇ ಹೊರಡಿ ಎಂದು ಮನೆಮನೆಗೂ ಹೋಗಿ ಹೇಳಿದವಳು ಅವಳೇ. ಇವತ್ತು ಅದು ಮರೆತುಹೋಯಿತೇ? ಮರೆತಿರಲಿಲ್ಲ. ಕಾರಿನ ಸದ್ದು ನಿಂತ ಕೂಡಲೇ ಎಷ್ಟೋ ವರ್ಷಗಳ ಆ ಡವಡವ ಎದ್ದದ್ದು ಈಗ ನೆನಪಾಯಿತು. ಅವಳು ಗೋಡೆ ಬದಿಯ ಬೆಂಚಿನ ಮೇಲೆ ಹೋಗಿ ಕೂತಳು. ಕೂಸು ಉಳಿದಿದೆ, ತಾಯಿ ಉಳಿದಿದ್ದಾಳೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಬೆಳಿಗ್ಗೆ ಓಂಕಾರೇಶ್ ವಾರ್ಡಿನವರಿಗೆಲ್ಲ ಪೇಡೆ ಹಂಚುತ್ತ, ತನ್ನ ಅಮ್ಮ ಕೂಸಿಗೆ ಜೀವ ಬರಿಸಿದ್ದನ್ನು ಕೊಚ್ಚಿಕೊಂಡ. ಅವನು ಕಾಫಿ ತರಲು ಹೋದ ಮೇಲೆ ಕೃತಿಕಾ ಕಣ್ಣು ಬಿಟ್ಟಳು.

"ಅತ್ತೆ, ನೋವು ಶುರುವಾಗಿದ್ದು ಊಟದ ಹೊತ್ನಲ್ಲಿ."

ಮಲ್ಲಿಕಾಂಬ ಹೊದಿಕೆಯನ್ನು ಸರಿಮಾಡಿದಳು.

"ಅದ್ ಹೋಗ್ಲಿ," ಎಂದಳು ಕೃತಿಕಾ. "ನಂಗೆ ಪ್ರಾಣ ಹೋದಂಗಾಗ್ತಿತ್ತು, ಕಾರ್ ತೆಗೀರಿ ಅಂತ ಬೇಡ್ಕೊಂತಿದ್ದೆ. ನೀವು ಗ್ಲೌಸ್ ಹಾಕ್ಕೊಂತಾ ಹಾಡು ಗುನುಗ್ತಿದ್ರಿ."

"ನಾನಾ?"

ಯಾವ ಹಾಡು ಎಂದು ಮಲ್ಲಿಕಾಂಬ ಕೇಳುವ ಅಗತ್ಯವೇ ಇರಲಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಅದು ಅವಳ ನಾಲಿಗೆಯ ಮೇಲೇ ಇತ್ತು.

ಕೂಸು ಅಳತೊಡಗಿತು. ಮಲ್ಲಿಕಾಂಬಳ ಎರಡೂ ಕೈ ತಾವಾಗಿಯೇ ಮುಂದೆ ಹೋದವು. ಕೃತಿಕಾ ಹೊಲಿಗೆಯ ನೋವಿಗೆ ಹಲ್ಲು ಕಚ್ಚಿಕೊಂಡು ಹೊರಳಿ, ಕೂಸನ್ನು ಗೋಡೆಯ ಕಡೆಗೆ ಸರಿಸಿಕೊಂಡಳು.

"ನರ್ಸನ್ನ ಕರೀರಿ ಅತ್ತೆ," ಎಂದಳು.

ಮಲ್ಲಿಕಾಂಬ ಎದ್ದು ಹೋಗಿ ಕರೆದಳು. ಪ್ರತಿಮಾ ಬೇಗ ಬೇಗ ಅವಳನ್ನು ದಾಟಿಕೊಂಡು ಒಳಗೆ ಹೋಗಿ, ಮಂಚದ ಸುತ್ತ ಹಸಿರು ಪರದೆ ಎಳೆದಳು. ಕೂಸಿನ ಅಳು ನಿಂತಿತು. ಮಲ್ಲಿಕಾಂಬ ಪರದೆಯ ಈಚೆ, ಓಡಾಡುವವರಿಗೆ ದಾರಿ ಬಿಟ್ಟು ನಿಂತುಕೊಂಡಳು.